ಮಾವನವರ ಕಣ್ಣು, ನಮ್ಮ ಫ್ಲ್ಯಾಟಿನ ಕಿಟಕಿ

ಕಿಟಕಿಗೂ ಆಯುಷ್ಯ ಅಂತ ಒಂದಿರುತ್ತದೆ ಎಂಬುದು ನನಗೆ ನಲವತ್ತು ದಾಟುವವರೆಗೆ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದ ಮನೆಯ ಕಿಟಕಿಗಳನ್ನು ನನ್ನ ಅಜ್ಜ ಮಾಡಿಸಿದ್ದ. ಅಜ್ಜ ಹೋದ, ಕಿಟಕಿ ಉಳಿಯಿತು. ಹಾಗಾಗಿ ಹೊಸಪೇಟೆಯ ಸಂಡೂರು ರಸ್ತೆಯ ಕಡೆ ಹೊಸ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವಾಗ ಗೋಡೆ ತಟ್ಟಿ ನೋಡಿದೆ, ನಲ್ಲಿ ತಿರುವಿ ನೋಡಿದೆ, ಕಿಟಕಿಯನ್ನು ಮಾತ್ರ ಸುಮ್ಮನೆ ನಂಬಿದೆ. ಅಲ್ಯೂಮಿನಿಯಂ ಚೌಕಟ್ಟು, ಪಕ್ಕಕ್ಕೆ ಸರಿಯುವ ಗಾಜಿನ ಬಾಗಿಲು. ಬಿಲ್ಡರ್ ಅದನ್ನು ಕಿರುಬೆರಳಿನಿಂದ ತಳ್ಳಿ ತೋರಿಸಿದ. ಸುಯ್ ಅಂತ ಹೋಯಿತು.

"ಎಷ್ಟು ವರ್ಷ ಬಾಳಿಕಿ ಬರ್ತೈತಿ?" ಎಂದು ಕೇಳಿದೆ.

"ಏನ್ ಸಾರ್, ಹಿಂಗ ಕೇಳ್ತೀರಿ! ನಿಮ್ಮ ಮೊಮ್ಮಕ್ಕಳೂ ಇದನ್ನಽ ಸರಸ್ತಾರ. ಒಂದು ಚಿಟಿಕಿ ಧೂಳು ಒಳಗ ಬಂದ್ರ ನನ್ನ ಕೇಳ್ರಿ."

ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂದು ವರ್ಷವಿಡೀ ಮಕ್ಕಳಿಗೆ ಹೇಳುವವನು. ಬಿಲ್ಡರ್ ಹೇಳಿದ್ದನ್ನು ನಿಂತ ಜಾಗದಲ್ಲೇ ನಂಬಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ.

ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ನಮ್ಮ ಮನೆಯ ಮುಂದಿನಿಂದಲೇ ಚೀನಾಕ್ಕೆ ಹೋಗುತ್ತಿದ್ದವು. ಹೋಗುವಾಗ ನಮ್ಮನ್ನು ಮರೆಯದೆ ಒಂದಿಷ್ಟು ಬಿಟ್ಟು ಹೋಗುತ್ತಿದ್ದವು. ಬಿಳಿ ಬನಿಯನ್ ಎಂಬ ವಸ್ತು ನಮ್ಮ ಬೀದಿಯಲ್ಲಿ ಯಾರ ಮೈಮೇಲೂ ಉಳಿದಿರಲಿಲ್ಲ. ಬೇವಿನ ಗಿಡ ಕೆಂಪು, ಮಲಗಿದ ನಾಯಿ ಕೆಂಪು, ಹಾಲಿನವನ ಮೀಸೆ ಕೆಂಪು. ಇಂಥ ಊರಿನಲ್ಲಿ ಕೂತು ನಾನು ಧೂಳು ಬರದ ಕಿಟಕಿಯ ಬಗ್ಗೆ ಭಾಷಣ ಮಾಡುತ್ತಿದ್ದೆ.

ಆಗಲೇ ನನ್ನ ಮಾವನವರ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ನಿಶ್ಚಯವಾಯಿತು. ಮಾವನವರು ಕಂಪ್ಲಿಯವರು. ಜೀವನವಿಡೀ ಅಕ್ಕಿ ಗಿರಣಿ ನಡೆಸಿ ತೌಡು, ಹೊಟ್ಟಿನ ಧೂಳು ಕುಡಿದವರಾದರೂ ಅವರ ಪಂಚೆಯ ಮೇಲೆ ಒಂದು ಕಲೆ ಕಂಡವರಿಲ್ಲ. ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಕಮಲಾಪುರಕ್ಕೆ ಕೊಟ್ಟಿದ್ದಾರೆ. ಚಿಕ್ಕವಳು ಗಿರಿಜಾ, ನನ್ನ ಹೆಂಡತಿ. ಮಗಳ ಮನೆಯಲ್ಲಿ ಊಟ ಮಾಡಬಹುದು, ಉಳಿಯಬಾರದು ಎಂಬುದು ಅವರ ನಿಯಮ. ಕಮಲಾಪುರದಲ್ಲಿ ಒಮ್ಮೆ ಬಸ್ಸು ತಪ್ಪಿ ಎರಡು ದಿನ ಉಳಿದಿದ್ದರು. ನಮ್ಮ ಮನೆಯಲ್ಲಿ ಒಂದು ದಿನವೂ ಇಲ್ಲ. ಆ ಎರಡು ದಿನಕ್ಕಾಗಿ ಗಿರಿಜಾ ಇವತ್ತಿಗೂ ಅಕ್ಕನನ್ನು ಕ್ಷಮಿಸಿಲ್ಲ.

ಆಪರೇಷನ್ ಆದಮೇಲೆ ಕಣ್ಣಿಗೆ ಧೂಳು ತಾಗಲೇಬಾರದು ಎಂದು ಡಾಕ್ಟರು ಹೇಳಿದ್ದರು. ಎಲ್ಲಿ ಇಟ್ಟುಕೊಳ್ಳುವುದು ಎಂಬ ಚರ್ಚೆ ಕಮಲಾಪುರದಲ್ಲಿ ನಡೆಯಿತು. ನನ್ನ ಷಡ್ಡಕ ಮಲ್ಲಿಕಾರ್ಜುನ ಬಾಳೆ ಬೆಳೆಯುವವನು, ಕಡಿಮೆ ಮಾತಿನವನು. "ಇಲ್ಲೇ ಇರ್ರಿ ಮಾವಾರ, ಸುತ್ತ ತ್ವಾಟ ಐತಿ" ಎಂದಷ್ಟೇ ಹೇಳಿದ. ನಾನು ಗಂಟಲು ಸರಿಮಾಡಿಕೊಂಡೆ.

"ಮಾವಾರ, ತ್ವಾಟ ಏನೋ ಐತಿ. ಆದ್ರ ಈ ಹಳೇ ಕಟ್ಟಿಗಿ ಕಿಟಕಿ ನೋಡ್ರಿ, ಸಂದ್ಯಾಗ ಗುಬ್ಬಿ ಹೋಗಿ ಬರ್ತಾವ. ನಮ್ಮದು ಅಲ್ಯೂಮಿನಿಯಂ. ಹಾಕಿದ್ರ ಗಾಳೀನೂ ಬರಂಗಿಲ್ಲ."

ಮಾವನವರು ಆ ಕಿಟಕಿಯನ್ನೊಮ್ಮೆ ತಡವಿ ನೋಡಿ, "ಆತು, ಗಿರಿಜಾನ ಮನಿಗೇ ಬರ್ತೀನಿ" ಎಂದರು. ಬಸ್ಸಿನಲ್ಲಿ ಹೊಸಪೇಟೆ ಮುಟ್ಟುವವರೆಗೆ ಗಿರಿಜಾ ನನ್ನನ್ನು ಹೊಗಳುತ್ತಲೇ ಇದ್ದಳು. ಮದುವೆಯಾದಮೇಲೆ ಅಂಥ ಪ್ರಯಾಣ ನನಗೆ ಅದೊಂದೇ.

ಮನೆಗೆ ಬಂದು ಮಾವನವರಿಗೆ ಎಂದು ಗೊತ್ತುಮಾಡಿದ ಕೋಣೆಯ ಕಿಟಕಿ ಮುಚ್ಚಲು ಹೋದೆ. ಬರಲಿಲ್ಲ. ಬೆರಳು ಬಿಟ್ಟು ಅಂಗೈ ಹಚ್ಚಿದೆ, ಅಂಗೈ ಬಿಟ್ಟು ಭುಜ ಹಚ್ಚಿದೆ. ಕರಕರ ಎಂದು ಅಳುತ್ತಾ ಅರ್ಧ ಬಂದು ನಿಂತಿತು. ಬಗ್ಗಿ ನೋಡಿದರೆ ಕೆಳಗಿನ ಹಳಿಯ ತುಂಬ ಸಂಡೂರು ಕೂತಿತ್ತು. ಗೃಹಪ್ರವೇಶವಾಗಿ ಎರಡು ಯುಗಾದಿ ಕೂಡ ಕಳೆದಿರಲಿಲ್ಲ!

ಬಿಲ್ಡರ್‌ಗೆ ಫೋನ್ ಮಾಡಿದೆ. ಅವನು ಮನೆ ಕಟ್ಟುವುದನ್ನು ಬಿಟ್ಟು ಅದಿರಿನ ಮೈನ್ಸಿಗೆ ಹೋಗಿದ್ದ, ಫೋನ್ ಸ್ವಿಚ್ ಆಫ್. ಕಿಟಕಿ ರಿಪೇರಿಯವರು ಆಗ ಬರೀ ಲಾರಿ ಗಾಜು ಹಾಕುತ್ತಿದ್ದರು. "ನಾಳೆ ಬರ್ತೀನಿ ಸಾರ್" ಎನ್ನುವುದಕ್ಕಷ್ಟೇ ಅವರಿಗೆ ಪುರುಸೊತ್ತು. ಅಪಾರ್ಟ್‌ಮೆಂಟಿನವರನ್ನು ವಿಚಾರಿಸಿದೆ. ಎಲ್ಲರದೂ ಅದೇ ಹಾಡು. ಮೇಲಿನ ಮನೆಯ ಅಮ್ಮನವರದು ಮಾತ್ರ ಹೊಸದರ ಹಾಗೇ ಇತ್ತು. "ನಾವು ತೆಗಿಯಂಗೇ ಇಲ್ರಿ" ಎಂದರು. ಈಗಿನ ಕಿಟಕಿಗಳ ಆಯುಷ್ಯದ ಬಗ್ಗೆ ನನಗೆ ಸಿಕ್ಕ ನಂಬಲರ್ಹ ಮಾಹಿತಿ ಇಷ್ಟೇ: ತೆಗೆಯದಿದ್ದರೆ ಅದು ಶಾಶ್ವತ.

ಆಗ ಬಂದವನು ಕೆಳಗಿನ ಮನೆಯ ಬಸಣ್ಣ. ಎರಡು ಲಾರಿಗಳ ಮಾಲೀಕ. ಲೋಕದಲ್ಲಿ ಲಾರಿ ಅಲ್ಲದ್ದು ಯಾವುದೂ ಇಲ್ಲ ಎಂದು ತಿಳಿದವನು. ಮಗುವಿಗೆ ಮಲಬದ್ಧತೆಯಾದರೂ ಸೈಲೆನ್ಸರ್ ಕಟ್ಟಿದೆ ಎನ್ನುವವನು.

"ಗ್ರೀಸ್ ಹಚ್ರಿ ಮಾಸ್ತರ. ಹದಿನಾರು ಟನ್ನಿನ ಲಾರಿ ಓಡ್ತಾವ, ಕಿಟಕಿ ಓಡಂಗಿಲ್ಲೇನು?"

ಒಂಬತ್ತನೇ ಕ್ಲಾಸಿಗೆ ಘರ್ಷಣೆಯ ಪಾಠವನ್ನು ಹಲವು ವರ್ಷ ಮಾಡಿದ ನನಗೆ ಇದು ನೂರಕ್ಕೆ ನೂರು ಸರಿ ಎನಿಸಿತು. ಬಸಣ್ಣ ಡಬ್ಬಿ ತಂದ. ಮೊದಲು ಧೂಳು ತೆಗೆಯಬೇಡವೇ ಎಂದು ಗಿರಿಜಾ ಕೇಳಿದಳು. "ಗ್ರೀಸಿನ ಮುಂದ ಧೂಳು ಯಾವ ಲೆಕ್ಕ!" ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದೆವು. ಹಳಿಯ ತುಂಬ ಮೆತ್ತಿದೆವು.

ಓಡಿತು! ಎಷ್ಟು ಚೆನ್ನಾಗಿ ಓಡಿತೆಂದರೆ, ರಸ್ತೆಯಲ್ಲಿ ತುಂಬಿದ ಲಾರಿ ಹೋದಾಗಲೆಲ್ಲ ಕಟ್ಟಡ ನಡುಗಿ ಕಿಟಕಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮುಚ್ಚಿ ಬಂದು ಕೂತರೆ ಇನ್ನೊಂದು ಲಾರಿ. ತೆರೆದ ಕಿಟಕಿಯಿಂದ ಬಂದ ಧೂಳು ನೇರವಾಗಿ ಗ್ರೀಸಿನ ಮೇಲೆ ಕೂರುತ್ತಿತ್ತು. ಶೇಂಗಾ ಚಟ್ನಿಪುಡಿಗೆ ಎಣ್ಣೆ ಹಾಕಿ ಕಲಸಿದ ಹದಕ್ಕೆ ಬಂತು. ಮಾವನವರು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹದ ಮೀರಿ ಗಟ್ಟಿಯಾಗಿ, ಕಿಟಕಿ ಅರ್ಧ ತೆರೆದು ಕೂತುಬಿಟ್ಟಿತು. ಸಂತೆಗೆ ಬಂದ ಎಮ್ಮೆಯೂ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

"ಅಲ್ರೀ, ಅಪ್ಪ ನಾಡಿದ್ದು ಬರ್ತಾನ. ಏನರ ಮಾಡ್ರಿ!" ಗಿರಿಜಾಳ ದನಿಯಲ್ಲಿ ಬಸ್ಸಿನ ಹೊಗಳಿಕೆ ಏನೂ ಉಳಿದಿರಲಿಲ್ಲ.

ಏನಾದರೂ ಮಾಡಿದೆ. ಪೈಪು ಹಚ್ಚಿ ನೀರು ಬಿಟ್ಟೆ. ಗ್ರೀಸು ಕದಲಲಿಲ್ಲ, ನೀರು ಕೆಂಪಾಗಿ ಕೆಳಗಿಳಿದು ಬಸಣ್ಣ ಹೊಸದಾಗಿ ತಂದ ಬಿಳಿ ಕಾರಿನ ಮೇಲೆ ಬಿತ್ತು. ಅವನು ಮೇಲಕ್ಕೆ ಓಡಿ ಬಂದ. ಜಗಳಕ್ಕೆ ಬಂದ ಎಂದುಕೊಂಡೆ. ಕೈಯಲ್ಲಿ ಲಾರಿಯ ಜಾಕ್ ಇತ್ತು. ಹೊಡೆಯಲಿಕ್ಕೆ ಬಂದ ಎಂದುಕೊಂಡೆ.

"ಇದು ಕೈಲೆ ಆಗೂ ಕೆಲಸ ಅಲ್ರಿ ಮಾಸ್ತರ. ಜಾಕ್ ಕೊಟ್ಟು ತಳ್ಳೋಣು."

ಈಗ ಹಿಂತಿರುಗಿ ನೋಡಿದರೆ ಹೊಡೆದಿದ್ದರೇ ಒಳ್ಳೆಯದಿತ್ತು. ಜಾಕನ್ನು ಅಡ್ಡ ಮಲಗಿಸಿ ಒಂದು ತುದಿಯನ್ನು ಚೌಕಟ್ಟಿಗೆ, ಇನ್ನೊಂದನ್ನು ಗಾಜಿನ ಬಾಗಿಲಿಗೆ ಕೊಟ್ಟೆವು. ಬಸಣ್ಣ ಹಿಡಿದುಕೊಂಡ, ನಾನು ತಿರುವಿದೆ. ಜಾಕ್ ಎರಡೂ ಕಡೆ ಒಂದೇ ಸಮ ತಳ್ಳುತ್ತದೆ, ಯಾವ ಕಡೆ ಬಲವಿಲ್ಲವೋ ಆ ಕಡೆ ಸರಿಯುತ್ತದೆ. ಇದೂ ಒಂಬತ್ತನೇ ಕ್ಲಾಸಿನದೇ ಪಾಠ. ನೆನಪಾಗಲಿಲ್ಲ.

"ಬರಾಕತ್ತೈತಿ, ಬರಾಕತ್ತೈತಿ! ಇನ್ನೊಂದು ಸುತ್ತು!" ಎಂದು ಬಸಣ್ಣ ಕೂಗಿದ.

ಬರುತ್ತಿದ್ದದ್ದು ನಿಜ. ಕಿಟಕಿಯ ಬಾಗಿಲಲ್ಲ, ಚೌಕಟ್ಟು. ಗೋಡೆಯ ಗಾರೆಯ ಸಮೇತ. ಟಿಕ್ ಎಂದು ಸಣ್ಣದೊಂದು ಸದ್ದಾಯಿತು. ಗಾಜಿನ ಮೇಲೆ ಒಂದು ಗೆರೆ ಎದ್ದು, ಅದು ನೋಡನೋಡುತ್ತಲೇ ತುಂಗಭದ್ರೆಯ ಕಾಲುವೆಗಳ ನಕ್ಷೆಯಾಗಿ, ಗಾಜು ಪೂರ್ತಿ ಕೆಳಗೆ ಹೋಯಿತು. ಹೊರಗಡೆಗೆ. ಬಿಳಿ ಕಾರಿನ ಮೇಲೆ!

ಬಸಣ್ಣ ದೊಡ್ಡ ಮನುಷ್ಯ. ಕೆಳಗೆ ಹೋಗಿ ಕಾರಿನ ಮೇಲಿನ ಗಾಜು ಗುಡಿಸಿದ. ಆಮೇಲೆ ತಾನೇ ಹೋಗಿ ಒಂದು ಫ್ಲೆಕ್ಸ್ ತಂದುಕೊಟ್ಟ. ಲಾರಿಯವರು ಯಾವನೋ ನಾಯಕನ ಹುಟ್ಟುಹಬ್ಬಕ್ಕೆ ಮಾಡಿಸಿದ್ದು. ನಾಯಕ ಕೈ ಮುಗಿದು ನಿಂತಿದ್ದಾನೆ, ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಬಸಣ್ಣನ ತಲೆಯೂ ಇದೆ. ಕಿಟಕಿಗೆ ಅಳತೆ ಮಾಡಿಸಿದಂತೆ ಕೂತಿತು.

"ಆ ಮಾರಿ ಒಳಗ ಬ್ಯಾಡ, ಹೊರಗ ಮಾಡ್ರಿ" ಎಂದಳು ಗಿರಿಜಾ. ಹೊರಗೆ ಮಾಡಿದೆವು, ಫ್ಲೆಕ್ಸಿನ ಬಿಳಿ ಬೆನ್ನು ಒಳಗೆ ಬಂತು. ಮರುದಿನವೇ ಇಬ್ಬರು ಬಂದು ರೇಷನ್ ಕಾರ್ಡ್ ಮಾಡಿಸಿಕೊಡಿ ಎಂದು ಬಾಗಿಲಲ್ಲಿ ಕೂತರು.

ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಗಿರಿಜಾ ದಿನವಿಡೀ ಒರೆಸಿದಳು. ಫ್ಲೆಕ್ಸಿನ ಸಂದಿಗಳಿಗೆ ಹಸಿ ಟವೆಲ್ ತುರುಕಿದಳು, ಮಂಚಕ್ಕೆ ಸೊಳ್ಳೆಪರದೆ ಕಟ್ಟಿ ಅದರ ಮೇಲೆ ಒದ್ದೆ ಸೀರೆ ಹೊದಿಸಿದಳು. ಫ್ಲೆಕ್ಸು ಗಾಳಿಗೆ ಫಟ್ ಫಟ್ ಎನ್ನುತ್ತಿತ್ತು. ಅಪ್ಪನ ಕಣ್ಣಿಗೆ ಏನಾದರೂ ಆದರೆ ಎಂದು ಅವಳು ಸರಿಯಾಗಿ ಊಟ ಮಾಡಲಿಲ್ಲ. ನನಗೂ ಹೆದರಿಕೆಯಿತ್ತು, ಆದರೆ ನಾನು ಊಟ ಮಾಡಿದೆ.

ಮಾವನವರು ಮಾತ್ರ ಸಂತೋಷವಾಗಿದ್ದರು. "ಮನಿ ಭಾಳ ತಂಪೈತಿ ಅಳಿಯಂದ್ರ. ಎಷ್ಟು ಸ್ವಚ್ಛ ಐತಿ! ಬಿಳೀ ಪರದೆ ಮಸ್ತ್ ಹಾಕೀರಿ" ಎಂದು ದಿನಾ ಹೇಳುವರು. ಕಪ್ಪು ಕನ್ನಡಕದೊಳಗೆ ಕೆಂಪೂ ಇಲ್ಲ, ಧೂಳೂ ಇಲ್ಲ. ನಾನು "ಎಲ್ಲಾ ನಿಮ್ಮ ಆಶೀರ್ವಾದ ಮಾವಾರ" ಎನ್ನುವೆ. ಗಿರಿಜಾ ನನ್ನನ್ನು ನೋಡುವಳು.

ಕಣ್ಣಿಗೆ ಏನೂ ಆಗಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಮನೆಯೊಳಗೆ ಕನ್ನಡಕ ತೆಗೆಯಬಹುದು ಎಂದರು. ಮಾವನವರು ಮನೆಗೆ ಬಂದು ಮಂಚದ ಮೇಲೆ ಕೂತು ಕನ್ನಡಕ ತೆಗೆದರು. ಸುತ್ತ ನೋಡಿದರು. ಬಾಯಿ ತೆರೆದ ಗೋಡೆ ನೋಡಿದರು. ಎದ್ದು ಹೋಗಿ 'ಬಿಳೀ ಪರದೆ'ಯ ಒಂದು ತುದಿ ಎತ್ತಿದರು. ಆಚೆ ಮೈಯಲ್ಲಿ ಅಚ್ಚಾದ ಬಸಣ್ಣನ ತಲೆ. ಆಮೇಲೆ ತಮ್ಮ ಪಂಚೆ ನೋಡಿಕೊಂಡರು. ಅದು ನಮ್ಮ ಬೀದಿಯ ಬಣ್ಣಕ್ಕೆ ಬಂದಿತ್ತು.

"ಅಳಿಯಂದ್ರ, ಕಣ್ಣು ಭಾಳ ಚಲೋ ಕಾಣ್ತೈತಿ" ಎಂದರು. ಪಂಚೆ ಕೊಡವಿ, "ಕಾಣದಿದ್ದಾಗ ನಿಮ್ಮ ಮನಿ ಇನ್ನೂ ಚಲೋ ಇತ್ತು" ಎಂದರು.

ಗಿರಿಜಾ ಅಡುಗೆಮನೆಗೆ ಹೋಗಿಬಿಟ್ಟಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಅತ್ತಳು. ಆಗ ನನಗೆ ನಿಜವಾಗಿಯೂ ಬಹಳ ಕೆಡುಕೆನಿಸಿತು. ಮಾವನವರು ಒಳಗೆ ಹೋಗಿ, "ಹುಚ್ಚಿ, ಅಳಬ್ಯಾಡ. ಸುಳ್ಳು ಹೇಳಾಕತ್ತಿಲ್ಲ, ಈ ಕಣ್ಣು ಉಳಿಸಿದ್ದು ನೀನು. ನಿನ್ನ ಒದ್ದಿ ಸೀರಿ" ಎಂದರು. ನನ್ನ ಹೆಸರು ಆ ಪಟ್ಟಿಯಲ್ಲಿ ಬರುತ್ತದೇನೋ ಎಂದು ಬಾಗಿಲಲ್ಲಿ ನಿಂತು ಕಾದೆ. ಬರಲಿಲ್ಲ.

ಮುಂದೆ ಎಡಗಣ್ಣಿಗೂ ಪೊರೆ ಬಂದು ಆಪರೇಷನ್ ಆದಮೇಲೆ ಮಾವನವರು ಕಮಲಾಪುರಕ್ಕೆ ಹೋದರು. ಗಿರಿಜಾ ಕೂಡ ಹೋದಳು. "ಅಪ್ಪನ್ನ ನಾನಽ ನೋಡ್ಕೋತೀನಿ, ಮನಿ ಯಾರದಾದ್ರ ಏನು" ಎಂದಳು. ಭಾನುವಾರ ನಾನೂ ಬಾಳೆಹಣ್ಣಿನ ಊರಿಗೆ ಸೇಬು ತೆಗೆದುಕೊಂಡು ಹೋದೆ. ಷಡ್ಡಕನ ಮನೆಯ ಆ ಹಳೇ ಕಟ್ಟಿಗೆಯ ಕಿಟಕಿಯನ್ನು ಗುದ್ದಿ ಮುಚ್ಚಿ, ಅಗಳಿ ಬಿಗಿದಿದ್ದರು. ಕೋಣೆ ತಂಪಾಗಿತ್ತು. ಮಾವನವರು ಕಣ್ಣಿಗೆ ಪಟ್ಟಿ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡೆ. ನನಗೆ ಬಾಯಾರಿತು. ನೀರಿನ ತಂಬಿಗೆ ಕಿಟಕಿಯ ಕಟ್ಟೆಯ ಮೇಲಿತ್ತು. ಸದ್ದಾಗದಂತೆ ಎದ್ದೆ.

"ಅಳಿಯಂದ್ರ," ಗೋಡೆಯ ಕಡೆಯಿಂದಲೇ ಮಾವನವರ ದನಿ ಬಂತು, "ಏನು ಬೇಕೋ ಗಿರಿಜಾನ್ನ ಕೇಳ್ರಿ. ಆ ಕಿಟಕಿ ಕಡೆ ಮಾತ್ರ ಹೋಗಬ್ಯಾಡ್ರಿ."

ಗಿರಿಜಾ ನೀರು ತಂದುಕೊಟ್ಟಳು. ನಾನು ಹೊಸ್ತಿಲ ಹತ್ತಿರ ಕೂತು ಕುಡಿದೆ.