ನಮ್ಮತ್ತೆ ಕಟ್ಟಿಸಿದ ಗಾಳಿಮನೆಗಳು

ನಮ್ಮತ್ತೆಯನ್ನು ನಿಮ್ಮ ಮನೆಗೆ ಕರೆಯುವುದಾದರೆ ಒಂದು ಕಿವಿಮಾತು. ಕ್ಯಾಲೆಂಡರನ್ನು ಮೊಳೆಗೆ ಭದ್ರವಾಗಿ ಕಟ್ಟಿ, ಮೇಜಿನ ಮೇಲಿನ ಕಾಗದಗಳ ಮೇಲೆ ಏನಾದರೂ ಭಾರ ಹೇರಿ, ವಿಭೂತಿ ಬಟ್ಟಲನ್ನು ಮುಚ್ಚಿಡಿ. ಏಕೆಂದರೆ ಚಪ್ಪಲಿ ಬಿಟ್ಟು ಒಳಗೆ ಬಂದವಳು ಮೊದಲು ಮಾಡುವ ಕೆಲಸ ಕುಶಲ ವಿಚಾರಿಸುವುದಲ್ಲ, ಕಿಟಕಿ ತೆಗೆಯುವುದು! ಚಿಲಕ ತುಕ್ಕು ಹಿಡಿದಿದ್ದರೂ ಸರಿಯೇ, ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಬಿಟ್ಟು, ಸೆರಗು ಸುತ್ತಿ ಎಳೆದು ತೆಗೆದೇ ತೀರುತ್ತಾಳೆ. ಆಮೇಲೆ ಕೂತು, "ಹೂಂ, ಈಗ ಹೇಳಿ, ಎಲ್ಲ ಚೆನ್ನಾಗಿದೀರಾ?" ಎನ್ನುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅರಸೀಕೆರೆಯವಳು. ಸರ್ಕಾರಿ ಕಟ್ಟಡಗಳ ಎಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಅವಳ ಜೊತೆಯವರೆಲ್ಲ ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋಗಿ ಭಜನೆ ಸೇರಿಕೊಂಡರೆ, ಇವಳು ಕರಾವಳಿಯ ಒಂದೂರಿನ ಮೀನು ಮಾರುವ ಹೆಂಗಸರ ಸಂಘಕ್ಕೆ ಕಡಿಮೆ ಖರ್ಚಿನ ಅಪಾರ್ಟ್‌ಮೆಂಟಿನ ನಕ್ಷೆ ಬರೆದುಕೊಡಲು ಒಪ್ಪಿಕೊಂಡಳು.

"ಅರಸೀಕೆರೆಯಲ್ಲಿ ಕೂತು ಕಡಲತೀರದ ಮನೆ ಬರೀತೀಯಾ?" ಎಂದರು ಅವಳ ಗಂಡ, ಅಂದರೆ ನಮ್ಮ ಮಾವ.

"ಗಾಳಿ ಎಲ್ಲ ಕಡೆ ಗಾಳಿಯೇ ಕಣ್ರೀ" ಎಂದಳು ಅತ್ತೆ. ಅದು ಅರ್ಧ ಸುಳ್ಳೆಂದು ಅವಳಿಗೇ ಗೊತ್ತಿತ್ತು.

ಅಂದಿನಿಂದ ಶುರುವಾಯಿತು ನೋಡಿ ಗಾಳಿಯ ಹುಚ್ಚು! ಬೇಲೂರಿನಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಅತ್ತೆ ಒಂದು ಊದುಬತ್ತಿ ಹಚ್ಚಿಕೊಂಡು ಹೊರಟಳು. ನಡುಮನೆ, ಅಡುಗೆಮನೆ, ಉಗ್ರಾಣ, ಕೊನೆಗೆ ಬಚ್ಚಲುಮನೆಯನ್ನೂ ಬಿಡಲಿಲ್ಲ. ಇದೇನೋ ಹೊಸ ವ್ರತವಿರಬೇಕೆಂದು ನಾಲ್ಕಾರು ಮುತ್ತೈದೆಯರು ಕೈಮುಗಿದುಕೊಂಡು ಹಿಂಬಾಲಿಸಿದರು. ಬಚ್ಚಲಲ್ಲೂ ಕೈಮುಗಿದರು! ಮಲಗುವ ಕೋಣೆಯಲ್ಲಿ ಹೊಗೆ ಅತ್ತಿತ್ತ ಅಲುಗದೆ ನೆಟ್ಟಗೆ ಮೇಲೇರಿತು. ಅತ್ತೆ ನಿಟ್ಟುಸಿರು ಬಿಟ್ಟು ಗಟ್ಟಿಯಾಗಿ, "ಈ ಕೋಣೆ ಸತ್ತುಹೋಗಿದೆ" ಎಂದಳು.

ಗೃಹಪ್ರವೇಶದ ದಿನ ಆಡುವ ಮಾತೇ ಅದು? ಮನೆಯ ಯಜಮಾನಿ ಕುಸಿದು ಕೂತರು. "ಅಯ್ಯೋ, ಏನಾದ್ರೂ ಶಾಂತಿ ಮಾಡಿಸಬೇಕೇನ್ರೀ?"

"ಶಾಂತಿ ಎಲ್ಲ ಬೇಡ ಕಣ್ರೀ. ಎದುರು ಗೋಡೆಗೆ ಒಂದು ಕಿಟಕಿ ಇಡಿಸಿ, ಸಾಕು."

ಹೋಮದ ಹೊಗೆಯಲ್ಲಿ ಬೆಂದು ಬಂದಿದ್ದ ಪುರೋಹಿತರು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತ, "ನಡುಮನೆಗೂ ಒಂದು ಕಿಟಕಿ ಹೇಳಿ ತಾಯಿ, ಪುಣ್ಯ ಬರುತ್ತೆ" ಎಂದರು.

ಇನ್ನೊಂದು ದಿನ ನನ್ನನ್ನು ಹಳೇಬೀಡಿಗೆ ಎಳೆದುಕೊಂಡು ಹೋದಳು. ಜನ ಹೋಗುವುದು ಶಿಲ್ಪ ನೋಡಲು ತಾನೆ? ಇವಳು ದೇವಸ್ಥಾನದ ರಂಧ್ರ ಕೊರೆದ ಕಲ್ಲಿನ ಜಾಲಂಧ್ರಕ್ಕೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ ನಿಂತುಬಿಟ್ಟಳು. ಹಳ್ಳಿಯಿಂದ ಬಂದಿದ್ದ ಇಬ್ಬರು ಗಂಡಸರು ನೋಡಿದರು.

"ಏನ್ಲಾ, ಆ ಯಮ್ಮ ಗೋಡೆತಾವ ಏನ್ ಕೇಳ್ತಾವ್ರೆ?"

"ಒಳಗಿಂದ ಏನೋ ಸದ್ದು ಬತ್ತಾ ಐತೆ ಕಣ್ಲಾ."

ಅವರೂ ಬಂದು ಕೆನ್ನೆಯಿಟ್ಟರು. ಅವರನ್ನು ನೋಡಿ ಪ್ರವಾಸಕ್ಕೆ ಬಂದಿದ್ದ ಒಂದು ಸಂಸಾರವೂ ಬಂತು. ನೋಡನೋಡುತ್ತ ಅಲ್ಲೊಂದು ಸಾಲೇ ನಿಂತಿತು! ಅತ್ತೆ ಕಣ್ಣು ಬಿಟ್ಟು, "ಬಿಸಿಲು ಹೊರಗೇ ನಿಂತಿದೆ, ಗಾಳಿ ಮಾತ್ರ ಒಳಗೆ ಬರ್ತಿದೆ. ಗೊತ್ತಾಯ್ತಾ?" ಎಂದಳು. ಎಲ್ಲರೂ ಭಕ್ತಿಯಿಂದ ಗೊತ್ತಾಯಿತು ಎಂದರು. ಮನೆಗೆ ಬಂದವಳೇ ಅಪಾರ್ಟ್‌ಮೆಂಟಿನ ಮೆಟ್ಟಿಲ ಗೋಡೆಗಳಿಗೆಲ್ಲ ತೂತಿನ ಸಿಮೆಂಟ್ ಇಟ್ಟಿಗೆ ಬರೆದಳು. ಅದು ಗಟ್ಟಿ ಗೋಡೆಗಿಂತ ಅಗ್ಗವೂ ಆಯಿತು.

ಆದರೆ ಅರಸೀಕೆರೆಯ ಬಿಸಿಲು ಒಣ ಬಿಸಿಲು. ಮರದ ನೆರಳಿಗೆ ಹೋದರೆ ಮುಗಿಯಿತು. ಕರಾವಳಿಯ ಸೆಖೆ ಹಾಗಲ್ಲ, ನೆರಳಿನಲ್ಲೂ ಬೆನ್ನು ಬಿಡುವುದಿಲ್ಲ. ಅದನ್ನು ಇಲ್ಲಿ ತರುವುದು ಹೇಗೆ? ಅತ್ತೆ ತಂದಳು! ನಡುಮನೆಯ ಬಾಗಿಲು ಕಿಟಕಿ ಮುಚ್ಚಿ, ಎರಡು ಒಲೆ ಅಲ್ಲಿಗೇ ತಂದಿಟ್ಟು ದೊಡ್ಡ ಪಾತ್ರೆಗಳಲ್ಲಿ ನೀರು ಕುದಿಸಿ, ಮಾವನನ್ನೂ ನನ್ನನ್ನೂ ಒಳಗೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮಾವನ ಕೈಯಲ್ಲಿದ್ದ ಪತ್ರಿಕೆ ನೆನೆದ ಹಪ್ಪಳದಂತೆ ಜೋತುಬಿತ್ತು.

"ಏನೇ, ನನ್ನನ್ನ ಕಡುಬು ಮಾಡ್ತಿದೀಯಾ?"

"ಮಾತಾಡಬೇಡಿ, ಇನ್ನೂ ಬೆಂದಿಲ್ಲ" ಎಂದು ಅತ್ತೆ ಒಂದು ಕಿಟಕಿ ತೆಗೆದಳು. ಏನೂ ಆಗಲಿಲ್ಲ. ಅದರ ಎದುರಿನದನ್ನೂ ತೆಗೆದಳು. ಸುಯ್ಯೆಂದು ಗಾಳಿ ಹಾದುಹೋಯಿತು. ಮಾವ, "ಅಬ್ಬಾ!" ಎಂದರು. ಅಷ್ಟೇ. ಆ ಒಂದು "ಅಬ್ಬಾ"ದಿಂದ ಪ್ರತಿ ಮನೆಯೂ ಒಂದೇ ಕೋಣೆಯಗಲ, ಹಿಂದೆ ಮುಂದೆ ಎರಡೂ ಕಡೆ ಕಿಟಕಿ, ಬಿಸಿಲು ಮಳೆ ಎರಡನ್ನೂ ತಡೆಯುವ ಅಗಲವಾದ ಜಗಲಿ ಎಂದು ತೀರ್ಮಾನವಾಯಿತು.

ಕಷ್ಟ ಬಂದದ್ದು ಕಂಟ್ರಾಕ್ಟರನಿಂದ. ಅವನು ತನ್ನದೇ ಒಂದು ನಕ್ಷೆ ಹಿಡಿದು ಸಂಘದ ಅಧ್ಯಕ್ಷೆಯ ಜೊತೆ ಅರಸೀಕೆರೆಗೇ ಬಂದ. ಜಗಲಿ ತೆಗೆದು, ನಡುವೆ ಓಣಿ ಬಿಟ್ಟು, ಎರಡೂ ಕಡೆ ಮನೆಗಳನ್ನು ಎದುರುಬದುರು ಕೂರಿಸಿ, ಮನೆಗೆ ಒಂದೇ ಕಡೆ ಕಿಟಕಿ ಇಟ್ಟರೆ ಅಷ್ಟೇ ಜಾಗದಲ್ಲಿ ಇನ್ನಷ್ಟು ಮನೆ ಬರುತ್ತವೆ ಎಂದು ಅವನ ವಾದ. ಅದು ಸುಳ್ಳಲ್ಲ. ಮನೆಗಾಗಿ ಕಾಯುತ್ತಿದ್ದ ಹೆಂಗಸರು ಇನ್ನೂ ಬಹಳ ಮಂದಿ ಇದ್ದರು. ಅತ್ತೆಯ ಮುಖ ಸಣ್ಣದಾಯಿತು. "ಕೂತು ಮಾತಾಡೋಣ" ಎಂದವಳು ಅವರನ್ನು ಎಲ್ಲಿ ಕೂರಿಸಿದಳು ಗೊತ್ತೇ? ಅದೇ ನಡುಮನೆಯಲ್ಲಿ. ಒಲೆ ಹಚ್ಚಿ, ಒಂದೇ ಕಿಟಕಿ ತೆಗೆದಿಟ್ಟು!

ಕಾಫಿ ಮುಗಿಯುವ ಮುಂಚೆಯೇ ಕಂಟ್ರಾಕ್ಟರ್ ಅಂಗಿಯ ಗುಂಡಿ ಬಿಚ್ಚಿಕೊಂಡು, ನಕ್ಷೆಯಿಂದಲೇ ಗಾಳಿ ಹಾಕಿಕೊಳ್ಳುತ್ತ ಜಗಲಿಗೆ ಹೋಗಿ ನಿಂತ.

"ಎಲ್ಲಿಗೆ ಹೊರಟ್ರಿ? ನೀವು ಬರೆದ ಮನೆ ಒಳಗಿದೆ. ನೀವು ನಿಂತಿರೋದು ನಾನು ಬರೆದಿದ್ದರಲ್ಲಿ" ಎಂದಳು ಅತ್ತೆ.

ಅಧ್ಯಕ್ಷೆ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಅವರೇ ಕೇಳಿದರು: "ಆದ್ರೆ ಅಮ್ಮಾ, ಮನೆ ಕಮ್ಮಿ ಆಯ್ತಲ್ಲ?"

ಅತ್ತೆ ಅದಕ್ಕೆ ಹಾಸ್ಯ ಮಾಡಲಿಲ್ಲ. ಸಂಜೆಯವರೆಗೂ ಅವರ ಜೊತೆ ಕೂತು, ನಕ್ಷೆಯಲ್ಲಿ ಕಟ್ಟಡದ ಮುಂದೆ ಅಂದಕ್ಕೆಂದು ಸೇರಿಸಿದ್ದ ಗಾಜು, ಕಮಾನು, ತೋರಿಕೆಯದನ್ನೆಲ್ಲ ಹೊಡೆದುಹಾಕಿ, ಆ ಖರ್ಚಿನಲ್ಲಿ ಇನ್ನೊಂದು ಮಹಡಿ ಏರಿಸಿದಳು. ಕೊನೆಗೆ ಅಧ್ಯಕ್ಷೆ, "ಮೆಟ್ಲು ನಮಗೆ ದೊಡ್ಡದಲ್ಲ. ಮೇಲೆ ಹೋದ್ಮೇಲೆ ಉಸಿರಾಡ್ಲಿಕ್ಕೆ ಗಾಳಿ ಇದ್ರೆ ಸಾಕು" ಎಂದು ಅತ್ತೆಯ ನಕ್ಷೆಯನ್ನೇ ಸುತ್ತಿ ಚೀಲಕ್ಕಿಟ್ಟುಕೊಂಡರು. ಕಂಟ್ರಾಕ್ಟರ್ ಗೊಣಗುತ್ತಲೇ ಒಪ್ಪಿದ.

ಮನೆಗಳು ಎದ್ದವು. ಜನ ಬಂದು ನೆಲೆಸಿದ ಮೇಲೆ ಒಂದು ಬೇಸಿಗೆಯ ಮಧ್ಯಾಹ್ನ ನಾವೆಲ್ಲ ನೋಡಲು ಹೋದೆವು. ಅತ್ತೆಗೆ ಸನ್ಮಾನ ಮಾಡಲು ಶಾಲು, ಹಾರ, ಮೈಕು ಎಲ್ಲ ಕೆಳಗೆ ಸಿದ್ಧವಾಗಿದ್ದವು. ಅವಳು ಮಾತ್ರ ಕೊನೆಯ ಮಹಡಿಯವರೆಗೆ ಹತ್ತಿಹೋದಳು. ಅಲ್ಲಿ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಒಬ್ಬ ಮುದುಕಿ ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದಳು. ನರೆಗೂದಲು ಗಾಳಿಗೆ ಹಣೆಯ ಮೇಲೆ ಹಾರಾಡುತ್ತಿತ್ತು. ಮುದುಕಿಯ ಸೊಸೆ ಹೊರಗೆ ಬಂದು ಎಬ್ಬಿಸಲು ಹೋದಳು. ಅತ್ತೆ ತಡೆದಳು.

"ನಮ್ಮತ್ತೆ ಹಗ್ಲಿಗೆ ಮನಿಕಂಡದ್ದ್ ನಾ ಕಂಡದ್ದೇ ಇಲ್ಲೆ ಮರ್ರೆ" ಎಂದಳು ಸೊಸೆ ಮೆಲ್ಲಗೆ. "ಹಳೆ ಮನೆಯಲ್ಲಿ ಸೆಖೆಗೆ ಒದ್ದಾಡ್ತಾ ಕೂತೇ ಇರ್ತಿದ್ರು."

ಕೆಳಗಿನಿಂದ ಮೈಕಿನಲ್ಲಿ ಅತ್ತೆಯ ಹೆಸರು ಕೂಗಿದರು. ಮಾವ ಬಗ್ಗಿ ನೋಡಿ, ಕೈ ಆಡಿಸಿ, ಮೈಕು ನಿಲ್ಲಿಸಿ ಎಂದು ಸನ್ನೆ ಮಾಡಿದರು. ಅತ್ತೆ ಆ ಮುದುಕಿಯ ಪಕ್ಕದಲ್ಲಿ, ಬರಿಯ ನೆಲದ ಮೇಲೆ, ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದಳು. ನೋಡುತ್ತಿದ್ದಂತೆ ಅವಳಿಗೂ ನಿದ್ದೆ ಹತ್ತಿತು.

ನಾವು ಯಾರೂ ಎಬ್ಬಿಸಲಿಲ್ಲ. ಸನ್ಮಾನದವರು ಹಾರ ಹಿಡಿದುಕೊಂಡು ಒಬ್ಬೊಬ್ಬರಾಗಿ ಮೇಲೆ ಬಂದು, ನೋಡಿ, ಸದ್ದಿಲ್ಲದೆ ಗೋಡೆಗೊರಗಿ ಕೂತರು.