ಐಮಂಗಲದಲ್ಲಿ ಮಾತ್ರ ಗೆದ್ದ ಆಟ

ಆ ಆಟದಲ್ಲಿ ನಮ್ಮವರು ಸೋತರು. ಮರ್ಯಾದೆಯೂ ಉಳಿಯದ ಹಾಗೆ ಸೋತರು. ಗೆದ್ದದ್ದು ಐಮಂಗಲದ ನಮ್ಮ ಬೀದಿಯಲ್ಲಿ ಮಾತ್ರ, ಅದೂ ನನ್ನ ಮೈದುನನ ಬಾಯಲ್ಲಿ.

ಸ್ವಾತಂತ್ರ್ಯ ಬಂದು ವರ್ಷಗಳೇ ಆಗಿದ್ದವು. ಬೀದಿಗೆಲ್ಲ ಇದ್ದದ್ದು ಅವನದೊಂದೇ ರೇಡಿಯೋ. ಹೆಂಡತಿ ತೀರಿಕೊಂಡ ಮೇಲೆ ಅವನ ಸಂಸಾರವೂ ಅದೇ. ಇಂಗ್ಲೆಂಡಿನಲ್ಲಿ ಕ್ರಿಕೆಟ್ ನಡೆದರೆ ಇವನ ಜಗಲಿ ತುಂಬ ಜನ. ಹಿರಿಯೂರಿನ ಪ್ರವಾಸಿ ಮಂದಿರದಲ್ಲಿ ಬಿಳಿ ದೊರೆಗಳಿಗೆ ಅಡುಗೆ ಮಾಡುತ್ತ ಕಲಿತ ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಹೇಳುವುದು. ಹೇಳುವುದೆಂದರೆ, ತಿದ್ದಿ ಹೇಳುವುದು.

“ಬ್ರಿಟಿಷ್ನೋರು ಬಾವುಟ ಇಳಿಸಿ ಹೋದ್ರು ಅತ್ತಿಗೆ, ಮೈಕು ಬಿಟ್ಟುಕೊಡಲಿಲ್ಲ. ಅವರ ಹುಡುಗ ಒಂದು ರನ್ ಹೊಡೆದ್ರೆ ಆ ಕಾಮೆಂಟ್ರಿಯೋನು ಪುರಾಣ ಓದ್ತಾನೆ. ನಮ್ಮೋನು ನಾಕು ಹೊಡೆದ್ರೆ ಕೆಮ್ಮಿ ಸುಮ್ಮನಾಗ್ತಾನೆ. ತಕ್ಕಡಿ ವಾಲೈತೆ. ನಾನು ನೆಟ್ಟಗೆ ಮಾಡ್ತೀನಿ, ಅಷ್ಟೇ.”

ನೆಟ್ಟಗೆ ಮಾಡುವುದು ಹೇಗೆ ಗೊತ್ತೇ? ಅವರ ನಾಲ್ಕು ರನ್ನಿಗೆ ಎರಡು, ನಮ್ಮ ಎರಡಕ್ಕೆ ನಾಲ್ಕು. ನಮ್ಮವನು ಔಟಾದರೆ, “ಅಂಪೈರು ಅವರ ಪೈಕಿ, ಲೆಕ್ಕಕ್ಕಿಲ್ಲ.” ಅಲ್ಲಿ ಔಟಾದವನು ಐಮಂಗಲದಲ್ಲಿ ಸಂಜೆಯವರೆಗೂ ಆಡುತ್ತಿದ್ದ. ಮಳೆ ಬಂದು ಆಟ ನಿಂತಾಗಲೂ ನಮ್ಮವರು ರನ್ ಗಳಿಸಿದ್ದುಂಟು!

ಎದುರು ಮನೆಯ ಕುರಿಗಾಹಿ ಇದನ್ನೆಲ್ಲ ನಂಬಿ, ನಮ್ಮವರು ಗೆದ್ದರೆ ತನ್ನ ಟಗರು ಕಡಿದು ಬೀದಿಗೆಲ್ಲ ಊಟ ಹಾಕುತ್ತೇನೆಂದು ಹರಕೆ ಹೊತ್ತ. ಕುರಿಗಳು ಹಟ್ಟಿಗೆ ಮರಳುವ ಹೊತ್ತಿಗೆ ಆಟ ಮುಗಿಯಿತು. ಮೈದುನ ರೇಡಿಯೋ ಆರಿಸಿದ, ಗಂಟಲು ಸರಿಮಾಡಿಕೊಂಡ, “ಗೆದ್ವಿ” ಅಂದ. ಟಗರು ಹೋಯಿತು. ನಾನೂ ಎರಡು ಸಲ ಬಡಿಸಿಕೊಂಡೆ.

ಬೆಳಿಗ್ಗೆ ಬಸ್ಸಿನಲ್ಲಿ ಪೇಪರು ಬಂತು. ಶಾಲೆಯ ಮೇಷ್ಟರು ಓದಿ ಹೇಳಿದರು. ಕುರಿಗಾಹಿ ಬಂದು ಜಗಲಿಯ ಮುಂದೆ ನಿಂತ.

“ಲೇ, ಸೋತ ಆಟಕ್ಕೆ ನನ್ನ ಟಗರು ತಿನ್ನಿಸಿಬಿಟ್ಟೆಯಲ್ಲೋ.”

“ಪೇಪರಿನೋರೂ ಅವರ ಬಾಯಿಂದ್ಲೇ ಕೇಳಿ ಬರೆಯೋದು ಕಣಪ್ಪ,” ಅಂದ ಮೈದುನ.

“ಹಂಗಾದ್ರೆ ಟಗರಿಗೂ ಅದನ್ನೇ ಹೇಳು, ಎದ್ದು ಬರ್ಲಿ.”

ಅವತ್ತು ಸಂಜೆ ಜಗಲಿಗೆ ಒಬ್ಬರೂ ಬರಲಿಲ್ಲ. ಮೈದುನ ಎಂದಿನಂತೆ ಗುಡಿಸಿ, ಕಂಬಳಿ ಹಾಸಿ, ರೇಡಿಯೋ ಹಚ್ಚಿದ. ಖಾಲಿ ಕಂಬಳಿಗೇ ಇಂಗ್ಲಿಷ್ ವಾರ್ತೆಯನ್ನು ಕನ್ನಡದಲ್ಲಿ ಹೇಳತೊಡಗಿ, ಅರ್ಧಕ್ಕೆ ನಿಲ್ಲಿಸಿದ. ನಮ್ಮದು ಪಕ್ಕದ ಮನೆ, ಎಲ್ಲ ಕೇಳಿಸುತ್ತಿತ್ತು. ನಿಲ್ಲಿಸಿದ್ದೂ ಕೇಳಿಸಿತು.

ಮರುದಿನ ಬೆಳಿಗ್ಗೆ ಕಡಲೆಕಾಯಿಯ ಮೊರ ಎತ್ತಿಕೊಂಡು ಅವನ ಜಗಲಿಗೆ ಹೋದೆ. ಅಲ್ಲಿಯವರೆಗೆ ಅವನ ಕ್ರಿಕೆಟ್ಟಿಗೆ ನಾನು ಕುಳಿತವಳೇ ಅಲ್ಲ.

“ನಮ್ಮೋರು ಸೋತ್ರು ಅತ್ತಿಗೆ,” ಅಂದ, ಮುಖ ಎತ್ತದೆ.

“ಗೊತ್ತೈತೆ. ಕಡೇ ಹುಡುಗ ಔಟಾಗಿದ್ದು ನಿಜಾನೋ, ಆ ಅಂಪೈರಿನ ಕಿತಾಪತಿನೋ, ಅದನ್ನ ಹೇಳಪ್ಪ” ಎಂದು ಕಂಬಳಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯತೊಡಗಿದೆ.