ಹೆಮ್ಮಾಡಿಯ ಜಲ್ಲಿಕಲ್ಲಿಗೆ ಒಂದು ಬಿನ್ನಹ

ಶ್ರೀಮಾನ್ ಜಲ್ಲಿಕಲ್ಲು ಅವರ ಸನ್ನಿಧಾನಕ್ಕೆ,
ಹಿಂದಿನ ವಿಳಾಸ: ರಾಷ್ಟ್ರೀಯ ಹೆದ್ದಾರಿಯ ಎಡ ಅಂಚು, ಹೆಮ್ಮಾಡಿ.
ಈಗಿನ ವಿಳಾಸ: ನನ್ನ ಪಿಕಪ್ಪಿನ ಡ್ಯಾಶ್‌ಬೋರ್ಡು.

ವಿಷಯ: ನನ್ನ ಹೊಸ ಪಿಕಪ್ಪಿನ ಬಾನೆಟ್ಟಿಗೆ ತಾವು ಬಂದು ಬಡಿಯದೇ ಇದ್ದುದರ ಬಗ್ಗೆ ದೂರು.

ಮಾನ್ಯ ಜಲ್ಲಿಕಲ್ಲಿನವರೇ,

ತಮಗೂ, ತಮ್ಮೊಡನೆ ಒಂದೇ ಟಿಪ್ಪರಿನಲ್ಲಿ ಟಾರ್ಪಾಲಿನ ಹೊದಿಕೆಯಿಲ್ಲದೆ ಸ್ವಚ್ಛ ಗಾಳಿ ಸೇವಿಸುತ್ತ ಪ್ರಯಾಣ ಮಾಡಿದ ತಮ್ಮ ಸಮಸ್ತ ಬಂಧುಬಳಗಕ್ಕೂ ಮೀನು ವ್ಯಾಪಾರಿ ಲೀಲಾಧರನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಕ್ಷೇಮವಾಗಿಲ್ಲದ ಕಾರಣ ಆ ಸಾಲನ್ನು ಬಿಟ್ಟಿದ್ದೇನೆ. ಇದು ಬಹಿರಂಗ ಪತ್ರ. ಇದರ ಪ್ರತಿಯನ್ನು ಬಸ್ ನಿಲ್ದಾಣದ ಗೋಡೆಗೂ ಮೀನು ಮಾರ್ಕೆಟ್ಟಿನ ಕಂಬಕ್ಕೂ ಅಂಟಿಸುವವನಿದ್ದೇನೆ. ನನ್ನ ಹೆಂಡತಿ ಚಂದನಾ ಒಬ್ಬಳನ್ನು ಬಿಟ್ಟು ಲೋಕದಲ್ಲಿ ಯಾರು ಬೇಕಾದರೂ ಓದಬಹುದು.

ಮೊದಲು ಹಿನ್ನೆಲೆ. ನನ್ನ ಹಳೆಯ ಟೆಂಪೋದ ಹಿಂಬದಿಯಲ್ಲಿ ‘ಚಂದನಾ’ ಎಂದು ಹೆಂಡತಿಯ ಹೆಸರನ್ನು ದೊಡ್ಡದಾಗಿ ಬರೆಸಿದ್ದೆ. ಪ್ರೀತಿಯಿಂದಲೇ ಬರೆಸಿದ್ದು. ಆದರೆ ಊರಿನವರು ಗಾಡಿಯನ್ನು ಹೆಸರು ಹಿಡಿದೇ ಕರೆಯುವುದರಿಂದ, ಆ ಎಂಟು ವರ್ಷಗಳಲ್ಲಿ ಅವಳ ಕಿವಿಗೆ ಬಿದ್ದ ಸಮಾಚಾರಗಳನ್ನು ತಾವೂ ಕೇಳಬೇಕಿತ್ತು. “ಹ್ವಾಯ್, ನಿಮ್ಮ್ ಚಂದನಾ ಹಟ್ಟಿಯಂಗಡಿ ಹತ್ರ ಪಂಚರಾಯಿ ನಿಂತಿತ್ತ್” ಎಂದು ಒಬ್ಬರು, “ಚಂದನಾಕ್ಕೆ ಹಿಂದಿನಿಂದ ಯಾರೋ ಗುದ್ದಿ ಪೂರಾ ಜಜ್ಜಿ ಹೋಯ್ತಂಬ್ರಲೆ” ಎಂದು ಇನ್ನೊಬ್ಬರು, ಅದೂ ಮದುವೆಮನೆಯ ಊಟದ ಸಾಲಿನಲ್ಲಿ. ಆದಕಾರಣ ಈ ಸಲ ಮಳೆಗಾಲ ಕಳೆದು ಮೀನಿನ ಹಂಗಾಮು ಶುರುವಾಗುವಾಗ ಹೊಸ ಪಿಕಪ್ ಬಂದದ್ದೇ ಅವಳು ಒಂದು ಷರತ್ತು ಹಾಕಿದಳು. ಆಯುಧ ಪೂಜೆಯವರೆಗೆ ಬಾನೆಟ್ಟಿನ ಬಣ್ಣದ ಮೇಲೆ ಒಂದೇ ಒಂದು ಕಲೆ ಬೀಳದೆ ಉಳಿದರೆ ಮಾತ್ರ ಹೆಸರು. ಬಿದ್ದರೆ ಈ ಜನ್ಮದಲ್ಲಿ ಅವಳ ಹೆಸರು ನನ್ನ ಯಾವ ಗಾಡಿಯ ಮೇಲೂ ಇಲ್ಲ. “ಮುಖ ನೆಟ್ಟಗಿದ್ರೆ ಬರ್ಸಿ, ಇಲ್ದಿದ್ರೆ ಬ್ಯಾಡ” ಎಂದಳು. ಹೆಂಡತಿಯ ಹೆಸರಿಲ್ಲದ ಗಾಡಿಯನ್ನು ಹತ್ತು ಜನರೆದುರು ಓಡಿಸುವ ಅವಮಾನ ಎಂಥದ್ದೆಂದು, ಕುಟುಂಬವಿದ್ದೂ ಇಲ್ಲದಂತೆ ರಸ್ತೆಯಲ್ಲಿ ಬಿದ್ದಿರುವ ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ನಾನು ಮೀನು ಮಾರಿದ್ದು ಕಡಿಮೆ, ಬಾನೆಟ್ ಕಾದದ್ದು ಹೆಚ್ಚು. ದಿನಾ ಬೆಳಿಗ್ಗೆ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಶಂಕರನಾರಾಯಣದ ಕಡೆಗೆ ಹೊರಟರೆ, ಎದುರಿಗೆ ಟಿಪ್ಪರ್ ಕಂಡ ಕೂಡಲೇ ಗಾಡಿಯನ್ನು ಬದಿಗೆ ನಿಲ್ಲಿಸಿ, ತಮ್ಮವರ ಮೆರವಣಿಗೆ ಪೂರ್ತಿ ಸಾಗಿಹೋಗುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದೆ. ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿದರು. ಒಮ್ಮೆ ಒಂದು ಎಮ್ಮೆಯೂ ಹಿಂದೆ ಹಾಕಿತು, ತಿರುಗಿ ನೋಡುವ ಸೌಜನ್ಯವನ್ನೂ ತೋರಿಸಲಿಲ್ಲ.

ಕಲ್ಲಿಗಾದರೋ ದೂರ ನಿಲ್ಲಬಹುದು, ಹುಳಗಳಿಗೆ ಏನು ಮಾಡುವುದು? ಗದ್ದೆ ಬಯಲಿನ ರಸ್ತೆಯಲ್ಲಿ ಅವು ನನ್ನ ಗಾಡಿಯನ್ನೇ ಹುಡುಕಿಕೊಂಡು ಬಂದು ಪ್ರಾಣ ಬಿಡುತ್ತಿದ್ದವು. ಒರೆಸಲು ತಡವಾದರೆ ಬಣ್ಣಕ್ಕೆ ಕಲೆ ಖಂಡಿತ. ಆಗ ನನ್ನ ತಾಯಿ ಬೆಳ್ಳಿ ಮುಂದೆ ಬಂದಳು. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ನಡೆದು ಮೀನು ಮಾರಿದ ಹೆಂಗಸು; ಅವಳಿಗೆ ತಿಳಿಯದ ವಿದ್ಯೆಯಿಲ್ಲ. “ನಿನ್ನ್ ಅಜ್ಜ ದೋಣಿಗೆ ಮೀನೆಣ್ಣಿ ಹಚ್ದೆ ಕಡ್ಲಿಗ್ ಇಳ್ಸ್ತಿರ್ಲಿಲ್ಲೆ. ಒಂದ್ ಹುಳ ಮುಟ್ಟುದಿಲ್ಲೆ ಕಾಣ್” ಎಂದು ಒಂದು ಡಬ್ಬಿ ಎಣ್ಣೆಯನ್ನು ಬಾನೆಟ್ಟಿಗೆ ತನ್ನ ಕೈಯಾರೆ ಬಳಿದಳು. ಮರದ ದೋಣಿಗೆ ಹಿಡಿಯುವ ಹುಳವೇ ಬೇರೆ, ಗದ್ದೆಯ ಮೇಲೆ ಹಾರುವ ಹುಳವೇ ಬೇರೆ ಎಂಬುದು ಅವಳಿಗಾಗಲಿ ನನಗಾಗಲಿ ಹೊಳೆಯಲಿಲ್ಲ. ಮೊದಲ ದಿನವೇ ಹಟ್ಟಿಯಂಗಡಿ ದಾಟುವಷ್ಟರಲ್ಲಿ ನೊಣ, ಮಿಡತೆ, ಚಿಟ್ಟೆ, ಒಂದು ಪಾಪದ ಕಡಜ ಮತ್ತು ಊರಿನ ಧೂಳೆಲ್ಲ ಬಾನೆಟ್ಟಿಗೆ ಅಂಟಿಕೊಂಡು ಕುಳಿತವು. ಶಂಕರನಾರಾಯಣದಲ್ಲಿ ಹಾರ್ನ್ ಹೊಡೆಯುವ ಮೊದಲೇ ಹನ್ನೊಂದು ಬೆಕ್ಕುಗಳು ಬಂದು, ಐಸಿನಲ್ಲಿಟ್ಟ ಬಂಗುಡೆಯತ್ತ ಕಣ್ಣೆತ್ತಿಯೂ ನೋಡದೆ, ಬಾನೆಟ್ಟನ್ನು ನೆಕ್ಕತೊಡಗಿದವು. ಅಲ್ಲಿನ ನನ್ನ ಖಾಯಂ ಗಿರಾಕಿ ತುಂಗಕ್ಕ ಪಾತ್ರೆ ಹಿಡಿದುಕೊಂಡು ಬಂದವರು, “ಹ್ವಾಯ್ ಲೀಲಾಧರ, ಇವತ್ತ್ ಮೀನ್ ಹಿಂದೆ ಇತ್ತಾ, ಮುಂದೆ ಇತ್ತಾ?” ಎಂದು ಕೇಳಿದರು.

ಆಮೇಲೆ ಬ್ರಹ್ಮಾವರದಲ್ಲಿ ಬಾನೆಟ್ಟಿಗೆ ಪಾರದರ್ಶಕ ಹಾಳೆ ಅಂಟಿಸುವವರೊಬ್ಬರಿದ್ದಾರೆಂದು ಕೇಳಿ ಅಲ್ಲಿಗೂ ಹೋದೆ. ಐದು ವರ್ಷ ಕಲ್ಲು, ಹುಳ, ಬಿಸಿಲು ಯಾವುದೂ ಮುಟ್ಟುವುದಿಲ್ಲ ಎಂದರು. ಅವರ ಮಾತು ಸುಳ್ಳಲ್ಲ. ಅಡಿಯಲ್ಲಿ ಅಜ್ಜನ ಕಾಲದ ಎಣ್ಣೆಯ ಪಸೆ ಉಳಿದಿದೆ ಎಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ, ಅಷ್ಟೇ. ಕುಂದಾಪುರ ಮುಟ್ಟುವಾಗ ಹಾಳೆಯ ಒಂದು ಮೂಲೆ ಎದ್ದಿತು, ಹೆಮ್ಮಾಡಿಯಲ್ಲಿ ಹಾಯಿಯ ಹಾಗೆ ಪೂರ್ತಿ ಎದ್ದು ನಿಂತಿತು, ಆಮೇಲೆ ಬೈಂದೂರಿನ ದಿಕ್ಕಿಗೆ ಹಾರಿ ಹೋಯಿತು. ಅದು ಈಗಲೂ ಯಾವುದೋ ತೆಂಗಿನಮರವನ್ನು ಕಲ್ಲು ಹುಳಗಳಿಂದ ಕಾಪಾಡುತ್ತಿರಬಹುದು.

ಕೊನೆಗೆ ದಿನಕ್ಕೆ ಮೂರು ಸಲ ತೊಳೆಯುವುದೊಂದೇ ಉಪಾಯವಾಗಿ ಉಳಿಯಿತು. ಇಷ್ಟಾಗಿಯೂ ಆಯುಧ ಪೂಜೆಯ ಬೆಳಿಗ್ಗೆ ಬಾನೆಟ್ ಕನ್ನಡಿಯಂತಿತ್ತು. ಈ ಕೀರ್ತಿಯ ಬಹುಪಾಲು ತಮಗೇ ಸಲ್ಲಬೇಕು. ಎರಡು ತಿಂಗಳು ನಾನು ತಮ್ಮ ಮುಂದೆಯೇ ಓಡಾಡಿದರೂ ತಾವು ಇದ್ದಲ್ಲಿಂದ ಏಳಲಿಲ್ಲ. ಇಷ್ಟು ತಾಳ್ಮೆ, ಇಷ್ಟು ನಿಗ್ರಹ ನಮ್ಮ ಮನುಷ್ಯರಲ್ಲಿ ಎಷ್ಟು ಮಂದಿಗಿದೆ?

ಗಾಡಿಗೆ ಗೊಂಡೆ ಹೂವಿನ ಮಾಲೆ ಹಾಕಿಯಾಗಿತ್ತು. ಚಕ್ರದಡಿಗೆ ನಿಂಬೆಹಣ್ಣು ಇಟ್ಟಾಗಿತ್ತು. ಹೆಸರು ಬರೆಯುವ ಕಿಟ್ಟ ಬಣ್ಣ ಕಲಸಿಕೊಂಡು ಜಗಲಿಯಲ್ಲಿ ಕುಳಿತಿದ್ದ. ಚಂದನಾ ಆರತಿ ತಟ್ಟೆ ತರಲು ಒಳಗೆ ಹೋದಳು. ದೃಷ್ಟಿ ತೆಗೆದು ಕಾಯಿ ಒಡೆಯುವುದು ನನ್ನ ಕೆಲಸ. ನಾನು ಬಾನೆಟ್ಟಿಗೆ ಹೆದರಿ ದೂರದಲ್ಲಿ, ಮೆಲ್ಲಗೆ, ಹಸುಗೂಸನ್ನು ಮಲಗಿಸುವಂತೆ ಎಸೆದೆ. ಕಾಯಿ ಒಡೆಯದೆ ಉರುಳಿತು. “ಕೈಯಲ್ಲಿ ಜೀವ ಇಲ್ಯಾ ನಿಂಗೆ?” ಎಂದು ಅಮ್ಮ ಅದನ್ನು ಎತ್ತಿಕೊಂಡು, ಮೂವತ್ತು ವರ್ಷ ಬುಟ್ಟಿ ಹೊತ್ತ ತೋಳಿನಿಂದ, ಗಾಡಿಯ ಮುಂದಿನ ಕಲ್ಲಿಗೆ ಅಪ್ಪಳಿಸಿದಳು. ಕಾಯಿ ಚೂರುಚೂರಾಯಿತು. ಗೆರಟೆಯ ಒಂದು ಚೂರು ನೇರ ಹಾರಿ ಬಾನೆಟ್ಟಿನ ನಟ್ಟನಡುವೆ ಬಡಿದು ಉಗುರಿನಷ್ಟು ಬಣ್ಣವನ್ನು ಕಿತ್ತುಕೊಂಡು ಹೋಯಿತು.

ಸಮುದ್ರಕ್ಕೂ ಪೊಲೀಸರಿಗೂ ಹೆದರದ ನನ್ನ ಅಮ್ಮ ಆ ಹೊತ್ತಿನಲ್ಲಿ ಒಂದು ಗೊಂಡೆ ಹೂವನ್ನು ಕಿತ್ತು, ಆ ಕಲೆಯ ಮೇಲೆ ಇಡಲು ನೋಡುತ್ತಿದ್ದಳು. ಹೂವು ಜಾರುತ್ತಿತ್ತು, ಅವಳು ಮತ್ತೆ ಇಡುತ್ತಿದ್ದಳು. “ಅವ್ಳಿಗೆ ಎಂತ ಹೇಳುದ್ ಮಗಾ?” ಎಂದಳು. ಅಷ್ಟರಲ್ಲಿ ಚಂದನಾ ಹೊರಗೆ ಬಂದಳು. ತಟ್ಟೆಯ ಕರ್ಪೂರ ಅರ್ಧ ಉರಿದುಹೋಗಿತ್ತು. ಮಂಗಳಾರತಿ ಎತ್ತುವಾಗ ಹೂವು ಮತ್ತೊಮ್ಮೆ ಜಾರಿತು. ನಾನು ಹಿಂದುಮುಂದು ನೋಡದೆ, “ನಿನ್ನೆ ಹೆಮ್ಮಾಡಿ ಹತ್ರ ಟಿಪ್ಪರಿಂದ ಒಂದ್ ಕಲ್ಲ್ ಬಂದ್ ಬಡಿತ್” ಎಂದುಬಿಟ್ಟೆ. ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. “ಹೌದಾ? ಆ ಕಲ್ಲ್ ತೋರ್ಸಿ ಕಾಂಬ” ಎಂದಳು. ಕಿಟ್ಟ ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿ ಮನೆಗೆ ಹೋದ.

ಹೀಗೆ, ಮಾನ್ಯರೇ, ಮರುದಿನ ನಾನು ಹೆಮ್ಮಾಡಿಯ ಅಂಚಿನಲ್ಲಿ ಮಂಡಿಯೂರಿ, ಸಾವಿರಾರು ಕಲ್ಲುಗಳ ನಡುವೆ ಅಪರಾಧಿಯ ಮುಖಲಕ್ಷಣವಿರುವ ತಮ್ಮನ್ನು ಆರಿಸಿ ತಂದೆ. ತಾವು ನಿರಪರಾಧಿ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನನ್ನ ದೂರು ಇಷ್ಟೇ: ಬಡಿಯುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ತಾವು ಪೂಜೆಯ ಹಿಂದಿನ ದಿನ ಒಂದು ಸಲ, ಒಂದೇ ಒಂದು ಸಲ ಬಂದು ಬಡಿದಿದ್ದರೆ ನನ್ನ ತಾಯಿ ಈ ಇಳಿವಯಸ್ಸಿನಲ್ಲಿ ಸೊಸೆಯ ಮುಖ ತಪ್ಪಿಸಿ ಹಿತ್ತಿಲಲ್ಲಿ ಕೂತು ಊಟ ಮಾಡುವ ಪ್ರಸಂಗ ಬರುತ್ತಿರಲಿಲ್ಲ. ಆದುದರಿಂದ ತಾವು ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಸದರಿ ಏಟನ್ನು ಒಪ್ಪಿಕೊಳ್ಳಬೇಕು. ತಮ್ಮ ಮೂಲೆಯನ್ನು ಆ ಕಲೆಗೆ ಹೊಂದುವಂತೆ ಸ್ವಲ್ಪ ಸವೆಸಿಕೊಳ್ಳಬೇಕು. ನಾನು ನಾಲ್ಕು ಕಡೆಯಿಂದಲೂ ಹಿಡಿದು ನೋಡಿದ್ದೇನೆ, ಯಾವ ಕಡೆಯೂ ಕೂರುತ್ತಿಲ್ಲ. ಚಂದನಾ ವಿಚಾರಣೆ ಮಾಡುವಾಗ ದಯವಿಟ್ಟು ಬೆವರಬಾರದು, ಆ ಕೆಲಸವನ್ನು ನಾನು ಮಾಡುತ್ತೇನೆ. ಸಾಧ್ಯವಾದರೆ ಕೊಂಚ ಪಶ್ಚಾತ್ತಾಪವನ್ನೂ ಮುಖದ ಮೇಲೆ ತಂದುಕೊಂಡರೆ ಮಹದುಪಕಾರವಾದೀತು.

ತಮ್ಮ ಗಟ್ಟಿತನದಲ್ಲಿ ಪೂರ್ಣ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಲೀಲಾಧರ

ವಿ.ಸೂ.: ಈ ಪತ್ರವನ್ನು ಗೋಡೆಗೆ ಅಂಟಿಸಲು ಮೈದಾ ಅಂಟು ಮಾಡಿಕೊಡೆಂದು, ಪತ್ರ ಕೈಯಲ್ಲಿ ಹಿಡಿದೇ, ಚಂದನಾಳ ಹತ್ತಿರ ಹೋದದ್ದು ನನ್ನ ಬುದ್ಧಿಯ ಮಟ್ಟ. ಒಲೆಯ ಮುಂದೆ ನಿಂತು ಎರಡು ಸಲ ಓದಿದಳು. “ಅತ್ತೆ ಕಲೆ ಮೇಲೆ ಹೂ ಸಮ ಮಾಡು ತನ್ಕ ನಾ ಬಾಗ್ಲ್ ಹಿಂದೆಯೇ ನಿಂತಿದ್ದೆ. ನೀವ್ ಸುಳ್ಳ್ ಹೇಳಿ ಎಲ್ಲಿ ತನ್ಕ ಹೋತ್ರಿ ಅಂದ್ ಕಾಂಬುಕೆ ಕಲ್ಲ್ ತೋರ್ಸಿ ಅಂದದ್” ಎಂದಳು. ಆಮೇಲೆ ಹಿತ್ತಿಲಿಗೆ ಹೋಗಿ ಅಮ್ಮನ ಬಟ್ಟಲನ್ನು ಎತ್ತಿಕೊಂಡು ಬಂದು ತನ್ನ ಬಟ್ಟಲಿನ ಪಕ್ಕ ಇಟ್ಟಳು, ಕಿಟ್ಟನಿಗೆ ಫೋನು ಮಾಡಿದಳು. ಗಾಡಿಯ ಹಿಂಬದಿಗೆ ಹೆಸರು ಬಿದ್ದಿದೆ, ಬಾನೆಟ್ಟಿನ ಕಲೆಯೂ ಇದ್ದಲ್ಲೇ ಇದೆ. ತಮ್ಮನ್ನು ತಂದಲ್ಲಿಗೇ ಮರ್ಯಾದೆಯಿಂದ ಬಿಟ್ಟು ಕ್ಷಮೆ ಕೇಳಿ ಬರಬೇಕೆಂದು ಅವಳ ಅಪ್ಪಣೆಯಾಗಿದೆ; ನಾಳೆ ಬೆಳಿಗ್ಗೆ ಬಿಡುತ್ತೇನೆ, ಕ್ಷಮೆಯನ್ನೂ ಕೇಳುತ್ತೇನೆ. ಆದರೆ ಬಿಡುಗಡೆಯಾದ ಖುಷಿಯಲ್ಲಿ ಯಾವುದಾದರೂ ಚಕ್ರಕ್ಕೆ ಸಿಕ್ಕಿ ಹಾರಿ ನನ್ನ ಬಾನೆಟ್ಟಿನ ಹತ್ತಿರ ಸುಳಿದೀರಿ, ಜೋಕೆ. ಮುಂದಿನ ವರ್ಷದ ಕಾಯಿಯನ್ನೂ ಅಮ್ಮನೇ ಒಡೆಯುವುದು, ಅದೂ ತಮ್ಮ ನೆತ್ತಿಯ ಮೇಲೆ.